ಬೆಳಗ್ಗಿನ ‘ಹೂಂ’ ಮಧ್ಯಾಹ್ನದ ತನಕ ಉಳಿಯುವುದಿಲ್ಲ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಕಾಸರಗೋಡು
ಪ್ರತಿ: ಜಿಲ್ಲಾ ವೈದ್ಯಾಧಿಕಾರಿಗಳು ಹಾಗೂ ಅಬಕಾರಿ ಉಪ ಆಯುಕ್ತರು, ಕಾಸರಗೋಡು

ವಿಷಯ: ಕುಡಿತ ಬಿಡಲು ಮುಂದೆ ಬರುವ ಕನ್ನಡಿಗರಿಗೆ ಮೊದಲ ದಿನವೇ, ಮನೆಯ ಹತ್ತಿರವೇ, ತಿಳಿಯುವ ಭಾಷೆಯಲ್ಲೇ ಚಿಕಿತ್ಸೆ ಸಿಗುವ ಬಗ್ಗೆ

ಮಾನ್ಯರೇ,

ಕುಡಿತ ಬಿಡಬೇಕೆಂಬ ಮನಸ್ಸು ಹೆಚ್ಚಾಗಿ ಬೆಳಗ್ಗೆ ಬರುತ್ತದೆ. ರಾತ್ರಿಯ ಜಗಳ ತಣ್ಣಗಾಗಿರುತ್ತದೆ, ಕಿಸೆ ಖಾಲಿಯಾಗಿರುತ್ತದೆ, ಚಾಯದ ಗ್ಲಾಸು ಹಿಡಿದ ಕೈ ನಡುಗುತ್ತಿರುತ್ತದೆ. ಆ ಹೊತ್ತಿಗೆ ತಾಯಿಯೋ ಹೆಂಡತಿಯೋ ಆಶಾ ಕಾರ್ಯಕರ್ತೆಯೋ ‘ಒಮ್ಮೆ ಡಾಕ್ಟರಲ್ಲಿಗೆ ಹೋಗಿ ಬರುವನಾ’ ಎಂದರೆ ‘ಹೂಂ’ ಎಂಬ ಉತ್ತರ ಬರುವುದುಂಟು. ಆ ‘ಹೂಂ’ ಸುಳ್ಳಲ್ಲ, ಆದರೆ ಅದರ ಆಯುಷ್ಯ ಬಹಳ ಕಡಿಮೆ. ಹನ್ನೊಂದು ಗಂಟೆಗೆ ಬೆವರು ಕಿತ್ತುಕೊಂಡು ಬರುತ್ತದೆ, ಹೊಟ್ಟೆ ತೊಳಸುತ್ತದೆ, ನಡುಕ ಕೈಯಿಂದ ಮೈಗೇರುತ್ತದೆ. ಇದೆಲ್ಲ ಹತ್ತು ನಿಮಿಷದಲ್ಲಿ ನಿಲ್ಲಬೇಕಾದರೆ ಏನು ಬೇಕೆಂದು ಆ ಮೈಗೆ ಚೆನ್ನಾಗಿ ಗೊತ್ತು. ಈ ಪತ್ರ ಇರುವುದು ಬೆಳಗ್ಗಿನ ಆ ಮೂರು ನಾಲ್ಕು ಗಂಟೆಗಳ ಬಗ್ಗೆ.

ಅಬಕಾರಿ ಇಲಾಖೆಯ ವ್ಯಸನಮುಕ್ತಿ ಯೋಜನೆ ‘ವಿಮುಕ್ತಿ’ 2016ರಲ್ಲಿ ಆರಂಭವಾಯಿತು. ಅದರ ಕೆಳಗೆ ನಮ್ಮ ಜಿಲ್ಲೆಗಿರುವ ಚಿಕಿತ್ಸಾ ಕೇಂದ್ರ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಅಲ್ಲಿ ದುಡಿಯುವವರ ಮೇಲೆ ನಮ್ಮ ದೂರಿಲ್ಲ, ದೂರಿರುವುದು ನಕ್ಷೆಯ ಮೇಲೆ. ಮಂಜೇಶ್ವರದಿಂದ ನೀಲೇಶ್ವರಕ್ಕೆ ಅರವತ್ತು ಕಿಲೋಮೀಟರಿಗೂ ಹೆಚ್ಚು. ವರ್ಕಾಡಿಯ ಒಳಭಾಗದಿಂದ ಹೊರಟವರು ಮೊದಲು ಹೊಸಂಗಡಿಗೆ ಇಳಿಯಬೇಕು, ಅಲ್ಲಿಂದ ಕಾಸರಗೋಡು, ಮತ್ತೆ ಅಲ್ಲಿಂದ ತೆಂಕಕ್ಕೆ. ಪೆರ್ಲ, ಪೈವಳಿಕೆ, ದೇಲಂಪಾಡಿಯವರ ಕಥೆಯೂ ಹೆಚ್ಚುಕಡಿಮೆ ಇದೇ. ಗಂಟೆಗಂಟೆಗೂ ನಡುಕ ಹೆಚ್ಚುತ್ತಿರುವ ಮನುಷ್ಯನನ್ನು ಎರಡು ಬಸ್ಸು ಬದಲಾಯಿಸಿ, ದಾರಿಯ ಮದ್ಯದಂಗಡಿಗಳನ್ನೆಲ್ಲ ದಾಟಿಸಿ, ಒಪಿ (ಹೊರರೋಗಿ ವಿಭಾಗ) ಚೀಟಿ ಮುಗಿಯುವ ಮೊದಲು ಅಲ್ಲಿಗೆ ಮುಟ್ಟಿಸುವುದು ಮನೆಯವರಿಂದ ಆಗುವ ಕೆಲಸವಲ್ಲ. ಮುಟ್ಟಿಸಿದ ಮೇಲೂ ‘ನಾಳೆ ಬನ್ನಿ’ ಎಂಬ ಮಾತು ಬಂತೆಂದರೆ ಆ ನಾಳೆ ಬರುವುದು ಆರು ತಿಂಗಳ ನಂತರ.

ಕೇಂದ್ರ ಸರಕಾರಕ್ಕಾಗಿ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದು ಲೆಕ್ಕವಿದೆ: ಮದ್ಯದ ಮೇಲೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ದೊರೆತಿದೆ, ಆಸ್ಪತ್ರೆಯಲ್ಲಿ ಮಲಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಉಳಿದ 37 ಜನರಲ್ಲಿ ‘ಹೂಂ’ ಎಂದವರು ಒಬ್ಬರೂ ಇರಲಿಲ್ಲ ಎಂದು ನಂಬುವುದು ಕಷ್ಟ.

ಇನ್ನು ಭಾಷೆಯ ವಿಷಯ. ‘ಕ್ವಾರ್ಟರ್’ ಎಂಬ ಪದಕ್ಕೆ ಮಾತ್ರ ನಮ್ಮ ಜಿಲ್ಲೆಯಲ್ಲಿ ಭಾಷೆಯ ಗಡಿಯಿಲ್ಲ. ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಟಿ ಎಲ್ಲದರಲ್ಲೂ ಅದು ಸಲ್ಲುತ್ತದೆ. ಆದರೆ ಡಾಕ್ಟರು ಕೇಳಬೇಕಾದ ಉಳಿದ ಪ್ರಶ್ನೆಗಳಿಗೆ ಆ ಸೌಲಭ್ಯವಿಲ್ಲ. ಕನ್ನಡದ ‘ನಡುಕ’ವನ್ನೇ ನೋಡಿ: ಮಲಯಾಳದಲ್ಲಿ ಅದನ್ನು ಹೋಲುವ ‘ನಡುಕ್ಕಂ’ ಎಂದರೆ ಬೆಚ್ಚಿಬೀಳುವುದು ಎಂಬ ಅರ್ಥವೇ ಮುಂದು, ಕೈ ನಡುಗುವುದಕ್ಕೆ ಅಲ್ಲಿ ‘ವಿರಯಲ್’ ಎನ್ನುತ್ತಾರೆ. ರಾತ್ರಿ ಇಲ್ಲದ ಧ್ವನಿ ಕೇಳಿತೇ, ಹಿಂದೊಮ್ಮೆ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತೇ, ಕುಡಿದದ್ದಕ್ಕೆ ಒಳಗೊಳಗೇ ನಾಚಿಕೆಯಾಗುತ್ತದೆಯೇ? ಇಂಥ ಪ್ರಶ್ನೆಗೆ ಅರೆಬರೆ ಗೊತ್ತಿರುವ ಭಾಷೆಯಲ್ಲಿ ಯಾರೂ ನಿಜ ಹೇಳುವುದಿಲ್ಲ. ತಲೆಯಲ್ಲಾಡಿಸಿ ಎದ್ದು ಬರುತ್ತಾರೆ, ಚೀಟಿಯಲ್ಲಿ ‘ಇಲ್ಲ’ ಎಂದು ದಾಖಲಾಗುತ್ತದೆ. ಜತೆಯಲ್ಲಿ ಬಂದ ಹದಿನಾಲ್ಕರ ಮಗನಿಂದ ಭಾಷಾಂತರ ಮಾಡಿಸುವುದಂತೂ ಬೇಡವೇ ಬೇಡ.

ಪ್ರಶ್ನೆಗಳ ಪಟ್ಟಿಯನ್ನು ಹೊಸದಾಗಿ ಕಟ್ಟಬೇಕಾದ ಅಗತ್ಯವೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಹಾಳೆ ದಶಕಗಳಿಂದ ಬಳಕೆಯಲ್ಲಿದೆ. ಒಂದೊಂದು ಪ್ರಶ್ನೆಗೆ 0ರಿಂದ 4 ಅಂಕ, ಒಟ್ಟು 40. ಎಂಟು ಮುಟ್ಟಿದರೆ ಮಾತಾಡಿಸಬೇಕು, 16 ಮುಟ್ಟಿದರೆ ಹಾನಿ ಶುರುವಾಗಿದೆ ಎಂದು ತಿಳಿದು ಕೌನ್ಸೆಲಿಂಗ್ ಮತ್ತು ಮರುಭೇಟಿ ಬೇಕು, 20 ಮತ್ತು ಮೇಲಾದರೆ ಅವಲಂಬನೆಯನ್ನು ಶಂಕಿಸಿ ತಜ್ಞರಿಗೆ ತೋರಿಸಬೇಕು. ಆಶಾ ಕಾರ್ಯಕರ್ತೆಗೆ ಐದು ನಿಮಿಷದ ಕೆಲಸ. ಎಡವುವುದು ಅನುವಾದದಲ್ಲಿ. ಆ ಹಾಳೆ ಕೇಳುವುದು ‘ಎಷ್ಟು ಡ್ರಿಂಕ್’ ಎಂದು. ಒಂದು ಡ್ರಿಂಕ್ ಎಂದರೆ 10 ಗ್ರಾಂ ಶುದ್ಧ ಮದ್ಯಸಾರ. ನಮ್ಮಲ್ಲಿ ‘ಪೆಗ್’ ಎಂದರೆ ಒಬ್ಬರಿಗೆ 30 ಎಂಎಲ್, ಇನ್ನೊಬ್ಬರಿಗೆ 60. ಹಾಗಾಗಿ ಲೆಕ್ಕವನ್ನು ಬಾಟಲಿಯಿಂದಲೇ ಕೇಳಬೇಕು. ಶೇ. 42.8ರ ಬ್ರಾಂದಿಯ 180 ಎಂಎಲ್ ಕ್ವಾರ್ಟರಿನಲ್ಲಿ ಸುಮಾರು 61 ಗ್ರಾಂ ಮದ್ಯಸಾರವಿದೆ, ಅಂದರೆ ಆರು ಡ್ರಿಂಕ್. ಶೇ. 8ರ ಸ್ಟ್ರಾಂಗ್ ಬಿಯರಿನ 650 ಎಂಎಲ್ ಬಾಟಲಿ ನಾಲ್ಕು ಡ್ರಿಂಕಿಗೆ ಸಮ. ‘ನನ್ನದು ದಿನಕ್ಕೆ ಒಂದೇ ಕ್ವಾರ್ಟರ್’ ಎಂದು ಸಮಾಧಾನದಿಂದ ಹೇಳುವವರು ‘ಎಷ್ಟು ಸಲ ಕುಡಿಯುತ್ತೀರಿ, ಕುಡಿದ ದಿನ ಎಷ್ಟು ಡ್ರಿಂಕ್, ಒಮ್ಮೆಗೆ ಆರು ಅಥವಾ ಹೆಚ್ಚು ಡ್ರಿಂಕ್ ಆಗುವುದು ಎಷ್ಟು ಸಲ’ ಎಂಬ ಮೊದಲ ಮೂರು ಪ್ರಶ್ನೆಗಳಲ್ಲೇ 4, 2, 4 ಎಂದು ಹತ್ತು ಅಂಕ ಗಳಿಸಿರುತ್ತಾರೆ. ಇನ್ನುಳಿದ ಏಳು ಪ್ರಶ್ನೆ ಕೇಳುವ ಮೊದಲೇ ಗೆರೆ ದಾಟಿಯಾಯಿತು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ‘ಮದ್ಯಪಾನ ನಿಲ್ಲಿಸಿ’ ಎಂದು ಸಾರುವ ಫಲಕಗಳು, ಮೆರವಣಿಗೆಗಳು, ಬೀದಿನಾಟಕಗಳು ಇವೆ. ನಿಲ್ಲಿಸುವುದು ಹೇಗೆ ಎಂಬ ಸಾಲು ಮಾತ್ರ ಕಣ್ಣಿಗೆ ಬೀಳುವುದು ಅಪರೂಪ. ವರ್ಷಗಟ್ಟಲೆ ದಿನವೂ ಕುಡಿದವರು ಒಂದೇ ರಾತ್ರಿಯಲ್ಲಿ ನಿಲ್ಲಿಸಿದರೆ ಜೀವಕ್ಕೇ ಅಪಾಯವಾಗಬಹುದು. ಮದ್ಯ ಮಿದುಳನ್ನು ಮಂದ ಮಾಡುತ್ತದೆ. ಅದನ್ನು ತಾಳಿಕೊಳ್ಳಲು ಮಿದುಳು ತನ್ನ ಕೆರಳಿಕೆಯನ್ನು ಮೆಲ್ಲಮೆಲ್ಲನೆ ಏರಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತಾಗ ಉಳಿಯುವುದು ಬರಿಯ ಕೆರಳಿಕೆ. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಂತಿ, ನಿದ್ದೆಗೇಡು. ಮೊದಲ 48 ಗಂಟೆಯೊಳಗೆ ಕೆಲವರಿಗೆ ಫಿಟ್ಸ್. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಇನ್ನು ಕೆಲವರಿಗೆ ಡೆಲಿರಿಯಂ: ಎಲ್ಲಿದ್ದೇನೆಂದು ತಿಳಿಯದು, ಗೋಡೆಯ ಮೇಲೆ ಹುಳ ಹರಿದಂತೆ ಕಾಣುತ್ತದೆ, ಇಲ್ಲದವರೊಡನೆ ಮಾತು, ಜ್ವರ, ಎದೆಬಡಿತದ ಏರಿಕೆ. ಚಿಕಿತ್ಸೆ ಇಲ್ಲದಿದ್ದರೆ ಇದರಲ್ಲಿ ಸಾವು ಸಂಭವಿಸುತ್ತದೆ.

ನಮ್ಮ ಊರುಗಳಲ್ಲಿ ಈ ಮೂರನೇ ರಾತ್ರಿಗೆ ಬೇರೆಯೇ ಅರ್ಥ ಕಟ್ಟುತ್ತಾರೆ. ಸತ್ತವರೊಡನೆ ಮಾತಾಡುತ್ತಾನೆ, ಕುಲೆಯ (ಪ್ರೇತದ) ಉಪದ್ರ ಇರಬೇಕು, ಜೋಯಿಸರಲ್ಲಿ ಪ್ರಶ್ನೆ ಇಡಿಸುವ ಎನ್ನುತ್ತಾರೆ. ಪ್ರಶ್ನೆ ಇಡಿಸಲಿ, ಹರಕೆಯೂ ಹೇಳಲಿ, ಅದು ಅವರವರ ನಂಬಿಕೆ; ಆದರೆ ಅದಕ್ಕೆ ಮೊದಲು ಆಸ್ಪತ್ರೆ. ಇನ್ನೊಂದು ಬಗೆಯ ತಪ್ಪು ಆಸ್ಪತ್ರೆಯ ಒಳಗೇ ನಡೆಯುತ್ತದೆ. ತೆಂಗಿನ ಮರದಿಂದ ಬಿದ್ದು ಕಾಲು ಮುರಿದುಕೊಂಡವರನ್ನು ಎಲುಬಿನ ವಾರ್ಡಿಗೆ ಸೇರಿಸುತ್ತಾರೆ, ಕುಡಿತದ ಬಗ್ಗೆ ಯಾರೂ ಕೇಳುವುದಿಲ್ಲ. ಮೂರನೇ ದಿನ ರೋಗಿ ಸಲಾಯಿನ್ ಕಿತ್ತೆಸೆದು ಓಡಲು ನೋಡಿದಾಗ ‘ತಕರಾರಿನವನು’ ಎಂದು ಹಗ್ಗ ಹುಡುಕುತ್ತಾರೆ. ಸೇರಿಸಿಕೊಂಡ ದಿನವೇ ‘ಕೊನೆಗೆ ಕುಡಿದದ್ದು ಯಾವಾಗ’ ಎಂದು ಒಂದು ಪ್ರಶ್ನೆ ಕೇಳಿದ್ದರೆ ಆ ಹಗ್ಗ ಬೇಕಾಗುತ್ತಿರಲಿಲ್ಲ.

ನಡುಗುತ್ತ ಬಂದವರಿಗೆ ಮನೆಯವರು ಮೊದಲು ಕೇಳುವುದು ‘ಒಂದು ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಎಂದು. ಬಹುಕಾಲ ಕುಡಿದವರ ಮೈಯಲ್ಲಿ ಬಿ1 ಜೀವಸತ್ವ, ಅಂದರೆ ಥಯಾಮಿನ್, ಬರಿದಾಗಿರುತ್ತದೆ. ಗ್ಲೂಕೋಸನ್ನು ಬಳಸಿಕೊಳ್ಳಲು ಮೈಗೆ ಥಯಾಮಿನ್ ಬೇಕು. ಅದಿಲ್ಲದೆ ಬರಿಯ ಗ್ಲೂಕೋಸ್ ಏರಿಸಿದರೆ ಉಳಿದ ಅಷ್ಟಿಷ್ಟೂ ಖರ್ಚಾಗಿ ವರ್ನಿಕೆ ಎಂಬ ಮಿದುಳಿನ ತೊಂದರೆ ಕೆರಳಬಹುದು. ಗೊಂದಲ, ಕಣ್ಣಿನ ಚಲನೆಯಲ್ಲಿ ವ್ಯತ್ಯಾಸ, ತೂರಾಡುವ ನಡಿಗೆ ಅದರ ಗುರುತು, ಮತ್ತು ಈ ಮೂರನ್ನೂ ‘ಇನ್ನೂ ಇಳಿದಿಲ್ಲ’ ಎಂದು ತಳ್ಳಿಹಾಕುವುದು ಬಹಳ ಸುಲಭ. ಥಯಾಮಿನ್ ಇಂಜೆಕ್ಷನ್ ಮೊದಲು, ಗ್ಲೂಕೋಸ್ ಆಮೇಲೆ. ಇಂಥವರ ಕರುಳು ಮಾತ್ರೆಯನ್ನು ಸರಿಯಾಗಿ ಹೀರುವುದಿಲ್ಲವಾದ್ದರಿಂದ ಆರಂಭದಲ್ಲಿ ಇಂಜೆಕ್ಷನ್ನೇ ಬೇಕು. ಬೆಲೆಬಾಳುವ ಔಷಧವಲ್ಲ ಇದು, ಪ್ರತಿ ಸಾಮಾಜಿಕ ಆರೋಗ್ಯ ಕೇಂದ್ರದಲ್ಲಿ ಇಡಬಹುದಾದದ್ದು.

ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಬೇಕಾಗಿಲ್ಲ. ಹಿಂದೆ ಫಿಟ್ಸ್ ಅಥವಾ ಡೆಲಿರಿಯಂ ಬಂದವರು, ಕಾಮಾಲೆಯೋ ಹೊಟ್ಟೆಯಲ್ಲಿ ನೀರೋ ಇರುವವರು, ತಲೆಗೆ ಪೆಟ್ಟಾದವರು, ಗರ್ಭಿಣಿಯರು, ವಯಸ್ಸಾದವರು, ಜೀವ ಕಳೆದುಕೊಳ್ಳುವ ಮಾತಾಡುವವರು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದವರು ಸೇರಲೇಬೇಕು. ಉಳಿದವರಲ್ಲಿ ಅನೇಕರನ್ನು ಹೊರರೋಗಿಯಾಗಿಯೇ ನೋಡಬಹುದು. ಕ್ಲೋರ್‌ಡಯಾಜೆಪಾಕ್ಸೈಡಿನಂಥ ಮಾತ್ರೆಯನ್ನು ಡಾಕ್ಟರು ಮೊದಲ ದಿನ ಹೆಚ್ಚು ಕೊಟ್ಟು, ದಿನದಿನಕ್ಕೆ ಇಳಿಸುತ್ತ ಸುಮಾರು ಒಂದು ವಾರದಲ್ಲಿ ನಿಲ್ಲಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಮಾತ್ರೆಯನ್ನು ಒಂದೆರಡು ದಿನಕ್ಕಾಗುವಷ್ಟೇ, ಅದೂ ಮನೆಯವರ ಕೈಗೆ ಕೊಡಬೇಕು. ಆ ಮಾತ್ರೆಗೂ ಚಟ ಹಿಡಿಸುವ ಗುಣವಿದೆ, ಮದ್ಯದ ಜತೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ಆದ್ದರಿಂದ ದಿನ ಬಿಟ್ಟು ದಿನವಾದರೂ ರೋಗಿಯನ್ನು ಕಣ್ಣಾರೆ ಕಾಣಬೇಕು. ಉಪ್ಪಳದ ಪಕ್ಕದ ಮಂಗಲ್ಪಾಡಿ ಆಸ್ಪತ್ರೆಯಲ್ಲಿ ಆಗುವ ಕೆಲಸವಿದು. ನೀಲೇಶ್ವರಕ್ಕೆ ವಾರದಲ್ಲಿ ನಾಲ್ಕು ಸಲ ಹೋಗಿಬರುವ ಕೂಲಿಯವರನ್ನು ನೀವೂ ಕಂಡಿರಲಿಕ್ಕಿಲ್ಲ.

ಊರಿಗೆ ಊರೇ ಒಮ್ಮೆಲೇ ನಿಲ್ಲಿಸುವ ದಿನಗಳೂ ಇವೆ, ಇಲಾಖೆಗೆ ಅವು ಮೊದಲೇ ಗೊತ್ತಿರುತ್ತವೆ. ತಿಂಗಳ 1ನೇ ತಾರೀಕು ಸರಕಾರಿ ಮದ್ಯದಂಗಡಿ, ಅಂದರೆ ಬಿವರೇಜಸ್ ಮಳಿಗೆ, ಮುಚ್ಚಿರುತ್ತದೆ. ತಲಪಾಡಿಯ ಹತ್ತಿರದವರು ಗಡಿ ದಾಟಿ ಕರ್ನಾಟಕದಿಂದ ಮದ್ಯದ ಟೆಟ್ರಾ ಪ್ಯಾಕ್ ತಂದುಕೊಳ್ಳುತ್ತಾರೆ, ದೂರದವರ ಕೈ ನಡುಗುತ್ತದೆ. ಚುನಾವಣೆಯಲ್ಲಿ ಮತದಾನ ಮುಗಿಯುವುದಕ್ಕೆ ಮೊದಲಿನ 48 ಗಂಟೆ ಮಾರಾಟವಿಲ್ಲ. ಫಿಟ್ಸಿನ ಗಂಡಾಂತರದ ಅವಧಿಯೂ ಅದೇ 48 ಗಂಟೆ. 2020ರ ಮಾರ್ಚಿನಲ್ಲಿ ಲಾಕ್‌ಡೌನಿಗೆ ಅಂಗಡಿ ಮುಚ್ಚಿದಾಗ ಏನಾಯಿತೆಂದು ರಾಜ್ಯವೇ ನೋಡಿದೆ. ಡಾಕ್ಟರ ಚೀಟಿಯ ಮೇಲೆ ಮದ್ಯ ಕೊಡುವ ಸರಕಾರಿ ಆದೇಶಕ್ಕೆ ಏಪ್ರಿಲ್ 2ರಂದು ಹೈಕೋರ್ಟು ತಡೆ ಕೊಟ್ಟಿತು. ಅದೇ ವಾರಗಳಲ್ಲಿ ತಲಪಾಡಿಯ ಗಡಿಯೂ ಮುಚ್ಚಿ, ಮಂಗಳೂರನ್ನು ನಂಬಿದ್ದ ನಮ್ಮ ರೋಗಿಗಳು ಈಚೆ ಬದಿಯಲ್ಲಿ ಉಳಿದರು. ಮದ್ಯ ಸಿಗದ ದಿನಕ್ಕೆ ಪೊಲೀಸ್ ಬಂದೋಬಸ್ತು ಮಾಡುವಂತೆ ಆಸ್ಪತ್ರೆಯ ಬಂದೋಬಸ್ತೂ ಆಗಬೇಕು. ಥಯಾಮಿನ್ ಇದೆಯೇ, ಫಿಟ್ಸ್ ತಡೆಯುವ ಡಯಾಜೆಪಾಮ್ ಇದೆಯೇ, ರಾತ್ರಿ ಪಾಳಿಯಲ್ಲಿ ತಿಳಿದವರಿದ್ದಾರೆಯೇ ಎಂದು ಹಿಂದಿನ ದಿನವೇ ನೋಡಿಕೊಳ್ಳುವುದು.

ಮತ್ತೊಂದು ಕಾಲ ವೃಶ್ಚಿಕ ಮಾಸ. ಶಬರಿಮಲೆಗೆ ಮಾಲೆ ಹಾಕಿದವರು 41 ದಿನ ಮದ್ಯ ಮುಟ್ಟುವುದಿಲ್ಲ. ಮಾಲೆ ಹಾಕಿದ ಎರಡು ಮೂರನೇ ದಿನ ಮೈ ನಡುಗಿದರೆ ಅದು ವ್ರತಭಂಗದ ಸೂಚನೆಯಲ್ಲ, ಡಾಕ್ಟರಿಗೆ ತೋರಿಸಬೇಕಾದ ಸೂಚನೆ ಎಂದು ಯಾರಾದರೂ ಹೇಳಬೇಕು, ಗುರುಸ್ವಾಮಿಗಳೇ ಹೇಳಿದರೆ ಇನ್ನೂ ಒಳ್ಳೆಯದು. ಅದಕ್ಕಿಂತ ದೊಡ್ಡ ಅವಕಾಶ ಮಾಲೆ ತೆಗೆಯುವ ದಿನದ್ದು. ಸರಕಾರ ಒಂದು ಪೈಸೆ ಖರ್ಚು ಮಾಡದೆ ಆ ಮನುಷ್ಯ ಆಗಲೇ 41 ದಿನ ಹೊರಗಿದ್ದಾನೆ. ಮೈಯಿಂದ ಮದ್ಯ ಪೂರ್ತಿ ಇಳಿದಿದೆ, ಮನೆಯವರಿಗೆ ನಂಬಿಕೆ ಮರಳಿದೆ. ಮರಳಿ ಕುಡಿಯದಂತೆ ತಡೆಯುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮುಂತಾದ ಮಾತ್ರೆಗಳ ಬಗ್ಗೆ ಡಾಕ್ಟರು ಮಾತಾಡಲು ಇದಕ್ಕಿಂತ ಒಳ್ಳೆಯ ದಿನ ಸಿಗದು. ನಾವು ಏನು ಮಾಡುತ್ತಿದ್ದೇವೆ? ಮಾಲೆ ತೆಗೆದ ಸಂಜೆ ಗೆಳೆಯರ ಕೈಗೆ ಬಿಟ್ಟುಬಿಡುತ್ತೇವೆ. ಇಷ್ಟು ದಿನ ಬಿಟ್ಟ ಮೈಗೆ ಹಿಂದಿನ ಅಳತೆ ತಾಳಿಕೆಯಾಗುವುದಿಲ್ಲವೆಂದೂ ಅವರಿಗೆ ಯಾರೂ ಹೇಳಿರುವುದಿಲ್ಲ.

ಮದ್ಯವರ್ಜನ ಶಿಬಿರಗಳಿಗೂ ಇದೇ ಮಾತು ಸಲ್ಲುತ್ತದೆ. ಗಡಿನಾಡಿನಲ್ಲಿ ಕನ್ನಡದಲ್ಲೇ ನಡೆಯುವ ದೊಡ್ಡ ಆಸರೆ ಅದು, ಹಗುರಾಗಿ ಕಾಣಬಾರದು. ಆದರೆ ಶಿಬಿರದ ಮೊದಲ ನಾಲ್ಕು ದಿನವೇ ಮೇಲೆ ಹೇಳಿದ ಗಂಡಾಂತರದ ದಿನಗಳು. ಆಗ ಹತ್ತಿರದ ಆರೋಗ್ಯ ಕೇಂದ್ರದಿಂದ ಒಬ್ಬ ನರ್ಸ್ ಬೆಳಗ್ಗೆ ಸಂಜೆ ಬಂದು ನಾಡಿ, ಬಿಪಿ, ನಡುಕ ನೋಡಿದರೆ ಸಾಕಷ್ಟಾಯಿತು.

ಪುಡಿಯ ವಿಷಯವನ್ನೂ ಹೇಳಿಬಿಡಬೇಕು. ‘ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಿ ಕೊಡಿ’ ಎಂಬ ಜಾಹೀರಾತಿಗೆ ಮನೆಯ ಹೆಂಗಸರು ಸಾವಿರಾರು ರೂಪಾಯಿ ಸುರಿಯುತ್ತಾರೆ. ಅದರಲ್ಲಿ ಡೈಸಲ್ಫಿರಾಮ್ ಇದ್ದರೆ, ಕುಡಿದ ಕೂಡಲೇ ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿದು, ಹೃದಯ ದುರ್ಬಲವಾಗಿರುವವರು ಸಾಯಲೂಬಹುದು. ಡೈಸಲ್ಫಿರಾಮ್ ಒಳ್ಳೆಯ ಔಷಧವೇ. ಆದರೆ ತೆಗೆದುಕೊಳ್ಳುವವರಿಗೆ ಗೊತ್ತಿದ್ದು, ಅವರು ಒಪ್ಪಿ, ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆದ ಮೇಲೆ, ಡಾಕ್ಟರ ಕಣ್ಣಳತೆಯಲ್ಲಿ. ನಿಲ್ಲಿಸಿದ ಮೇಲೂ ಎರಡು ವಾರದ ತನಕ ಅದರ ಪರಿಣಾಮ ಇರುತ್ತದೆ. ಮನೆಯವರಿಗೆ ಪುಡಿಗಿಂತ ಒಳ್ಳೆಯ ದಾರಿ ತೋರಿಸಬಹುದು: ಕುಡಿಯುವವರು ಬರಲು ಒಪ್ಪದಿದ್ದರೂ ಮನೆಯವರು ಮಾತ್ರ ಬಂದು ಸಲಹೆ ಪಡೆಯಬಹುದು. ಮೊದಲ ಹೆಜ್ಜೆ ಕೆಲವೊಮ್ಮೆ ಅವರದೇ ಆಗಿರುತ್ತದೆ.

ಕಾನೂನು ನಮ್ಮ ಪರವಾಗಿಯೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಸೇರಿವೆ. ಅದರ 18ನೇ ಸೆಕ್ಷನ್ ಸೇವೆಯು ಭೌಗೋಳಿಕವಾಗಿ ಎಟುಕುವಂತಿರಬೇಕು ಎನ್ನುತ್ತದೆ, 22ನೇ ಸೆಕ್ಷನ್ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎನ್ನುತ್ತದೆ, 23ನೆಯದು ಗುಟ್ಟು ಕಾಪಾಡಬೇಕು ಎನ್ನುತ್ತದೆ. ಈ ಕೊನೆಯದನ್ನು ಅಬಕಾರಿ ಇಲಾಖೆಯವರು ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ನಮ್ಮ ವಿಶೇಷ ಕೋರಿಕೆ. ಖಾಕಿ ತೊಟ್ಟ ಇಲಾಖೆಯ ಸಂಖ್ಯೆಗೆ ಫೋನು ಮಾಡಿದರೆ ಕೇಸು ಹಾಕುತ್ತಾರೆ, ಲೈಸೆನ್ಸ್ ಹೋಗುತ್ತದೆ ಎಂಬ ಹೆದರಿಕೆ ಆಟೋ ಚಾಲಕರಲ್ಲೂ ಟಿಪ್ಪರ್ ಚಾಲಕರಲ್ಲೂ ಇದೆ.

ಹಾಗಾಗಿ ನಾವು ಕೇಳುವುದು ಹೊಸ ಕಟ್ಟಡವನ್ನಲ್ಲ. ಮಂಜೇಶ್ವರ ತಾಲೂಕಿನಲ್ಲಿ ಮಂಗಲ್ಪಾಡಿ ಆಸ್ಪತ್ರೆಯಲ್ಲಿ, ಕಾಸರಗೋಡು ತಾಲೂಕಿನ ಮೂಡಣ ಭಾಗಕ್ಕೆ ಬದಿಯಡ್ಕದಲ್ಲೋ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನಲ್ಲೋ, ವಾರಕ್ಕೆ ಎರಡು ದಿನ ಬೆಳಗ್ಗೆ ಒಂದು ಒಪಿ. ಕನ್ನಡ ಮತ್ತು ತುಳು ಬಲ್ಲ ಒಬ್ಬ ಕೌನ್ಸೆಲರ್ (ಆಪ್ತಸಲಹೆಗಾರ). ಒಪಿ ಇಲ್ಲದ ದಿನ ಬಂದವರನ್ನೂ ‘ನಾಳೆ ಬನ್ನಿ’ ಎಂದು ಕಳುಹಿಸದೆ, ನಾಡಿ ನೋಡಿ, ಥಯಾಮಿನ್ ಕೊಟ್ಟು, ಗಂಡಾಂತರದ ಪ್ರಶ್ನೆಗಳನ್ನು ಕೇಳಿ, ಬೇಕಾದರೆ ಅಂದೇ ಸೇರಿಸಿಕೊಳ್ಳಲು ಡ್ಯೂಟಿ ಡಾಕ್ಟರಿಗೆ ಒಂದು ಪುಟದ ಸೂಚನೆ. ಅದಕ್ಕೆಂದು ಜನರಲ್ ವಾರ್ಡಿನಲ್ಲಿ ನಾಲ್ಕು ಹಾಸಿಗೆ. ಮಂಗಳೂರಿನಲ್ಲಿ ಚಿಕಿತ್ಸೆ ಮುಗಿಸಿ ಬಂದವರ ಡಿಸ್ಚಾರ್ಜ್ ಚೀಟಿ ನೋಡಿ ಇಲ್ಲೇ ಮಾತ್ರೆ ಮುಂದುವರಿಸುವ ವ್ಯವಸ್ಥೆ. ಏಕೆಂದರೆ ಐದಾರು ದಿನದ ನಡುಕ ನಿಲ್ಲಿಸುವುದು ಚಿಕಿತ್ಸೆಯ ಮುನ್ನುಡಿ ಮಾತ್ರ, ಕೈಜಾರುವುದು ಆಮೇಲಿನ ಮೂರು ತಿಂಗಳಲ್ಲಿ.

ಫಲಕದ ಬಗ್ಗೆ ಒಂದು ಮಾತು. ವಿಮುಕ್ತಿಯ 14405, ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿ 14446 ಇವುಗಳನ್ನು ಪ್ರತಿ ಮದ್ಯದಂಗಡಿಯ ಸಾಲಿನ ಎದುರು, ರೇಷನ್ ಅಂಗಡಿಯಲ್ಲಿ, ಅಕ್ಷಯ ಕೇಂದ್ರದಲ್ಲಿ, ಬಸ್ ನಿಲ್ದಾಣದಲ್ಲಿ ಕನ್ನಡದಲ್ಲಿ ಹಾಕಿಸಿ. ‘ಕುಡುಕರೇ’ ಎಂದು ಸಂಬೋಧಿಸುವ ಫಲಕ ಬೇಡ. ಮಲಯಾಳದಿಂದ ಯಂತ್ರ ಅನುವಾದಿಸಿದ ಕನ್ನಡವೂ ಬೇಡ. ಅಂಥ ಫಲಕ ಓದಿ ನಕ್ಕು ನಕ್ಕು ನಮಗೆ ಸಾಕಾಗಿದೆ. ಫೋನು ಎತ್ತಿದವರು ಏನು ಕೇಳುತ್ತಾರೆ, ಹೆಸರು ಹೇಳಲೇಬೇಕೇ, ಖರ್ಚೆಷ್ಟು ಎಂಬ ಮೂರು ಸಾಲು ಅದರಲ್ಲಿರಲಿ. ಹಾಕಿಸುವ ಮೊದಲು ನಿಮ್ಮ ಸಿಬ್ಬಂದಿಯೊಬ್ಬರು ತಲಪಾಡಿಯಲ್ಲಿ, ಪೆರ್ಲದಲ್ಲಿ, ಆದೂರಿನಲ್ಲಿ ನಿಂತು ಆ ಸಂಖ್ಯೆಗಳಿಗೆ ಕರೆ ಮಾಡಿ ನೋಡಲಿ. ಗಡಿಯಲ್ಲಿ ಮೊಬೈಲು ಯಾವಾಗ ಕರ್ನಾಟಕದ ಟವರ್ ಹಿಡಿಯುತ್ತದೆಂದು ಹೇಳಲಾಗದು. ಕರೆ ಎಲ್ಲಿಗೆ ಮುಟ್ಟಿತು, ಯಾವ ಭಾಷೆಯಲ್ಲಿ ಉತ್ತರ ಬಂತು ಎಂಬುದನ್ನು ಬರೆದಿಟ್ಟುಕೊಂಡರೆ ಅರ್ಧ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕೊನೆಯದಾಗಿ, ಕೇರಳದ 1969ರ ಅಧಿಕೃತ ಭಾಷೆಗಳ ಕಾಯ್ದೆಯಂತೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಮೇಲಿನವುಗಳಲ್ಲಿ ಯಾವುದು ಈಗಲೇ ಆಗುತ್ತದೆ, ಯಾವುದಕ್ಕೆ ಯಾರ ಮಂಜೂರಾತಿ ಬೇಕು, ಯಾವುದು ಸಾಧ್ಯವೇ ಇಲ್ಲ ಎಂದು ಬೇರೆಬೇರೆಯಾಗಿ ತಿಳಿಸಿ ಉತ್ತರಿಸಬೇಕೆಂದು ವಿನಂತಿ. ವೃಶ್ಚಿಕ ಸಂಕ್ರಮಣ ನವೆಂಬರ್ ನಡುವಿಗೆ ಬರುತ್ತದೆ. ಮಂಗಲ್ಪಾಡಿಯ ಒಪಿ ಅದಕ್ಕಿಂತ ಮೊದಲು ತೆರೆದರೆ ಈ ವರ್ಷದ ಮಾಲಾಧಾರಿಗಳಿಗೇ ಪ್ರಯೋಜನವಾದೀತು.

ತಮ್ಮ ವಿಶ್ವಾಸಿಗಳು,
ಮಂಜೇಶ್ವರ ಹಾಗೂ ಕಾಸರಗೋಡು ತಾಲೂಕುಗಳ ಕೆಲವು ಕನ್ನಡ ಆರೋಗ್ಯ ಕಾರ್ಯಕರ್ತರು